60ರಿಂದ 90 ಸಾವಿರದೊಳಗೆ ಗೇಮಿಂಗ್‌ಗೂ ಎಡಿಟಿಂಗ್‌ಗೂ ಆಗೋ ಲ್ಯಾಪ್‌ಟಾಪ್ ಆರಿಸೋದು ಹೇಗೆ: ತುಮಕೂರು ಕಡೆಯವ್ರಿಗೆ ಪೂರ್ತಿ ಗೈಡ್

ತುಮಕೂರಲ್ಲಿ ಈ ಥರ ಲ್ಯಾಪ್‌ಟಾಪ್ ಹುಡುಕೋರು ಮುಖ್ಯವಾಗಿ ಎರಡು ಗುಂಪು. ಒಂದು ಎಸ್‌ಐಟಿ, ಎಸ್‌ಎಸ್‌ಐಟಿಲಿ ಓದೋ ಹುಡುಗ್ರು, ಅವ್ರಿಗೆ ರಾತ್ರಿ ವ್ಯಾಲರಂಟ್ ಆಡ್ಬೇಕು, ಜೊತೆಗೆ ಕಾಲೇಜು ಫೆಸ್ಟ್ ವಿಡಿಯೋನೋ ಯೂಟ್ಯೂಬ್ ಚಾನೆಲ್ಲೋ ಮಾಡ್ಬೇಕು. ಇನ್ನೊಂದು ಗುಬ್ಬಿ, ಶಿರಾ, ತಿಪಟೂರು, ಕುಣಿಗಲ್ ಕಡೆ ಮದುವೆ ಶೂಟಿಂಗ್ ಮಾಡೋರು, ಹಗಲು ಮುಹೂರ್ತ ಶೂಟ್ ಮಾಡಿ ರಾತ್ರಿ ಕೂತು ಹೈಲೈಟ್ಸ್ ಕಟ್ ಮಾಡ್ಬೇಕು, ಬಿಡುವಾದಾಗ ಒಂದೆರಡು ಗೇಮು. ಇಬ್ರೂ ಕೇಳೋದು ಒಂದೇ, "ಅಣ್ಣ, 70 ಸಾವಿರದೊಳಗೆ ಯಾವ ಮಾಡೆಲ್ ತಗೊಳ್ಲಿ?"

ಮಾಡೆಲ್ ಹೆಸರು ಹೇಳ್ಬಿಡೋದು ಸುಲಭ. ಆದ್ರೆ ಅದ್ರಿಂದ ಪ್ರಯೋಜನ ಕಮ್ಮಿ, ಯಾಕಂದ್ರೆ ಏಸುಸ್ ಟಫ್, ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್, ಏಸರ್ ನೈಟ್ರೋ ಇವೆಲ್ಲ ಒಂದೊಂದು ಲ್ಯಾಪ್‌ಟಾಪ್ ಅಲ್ಲ, ಒಂದೇ ಹೆಸರಲ್ಲಿ ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಗ್ರಾಫಿಕ್ಸ್, ಬೇರೆ ಸ್ಕ್ರೀನ್ ಹಾಕಿ ಹತ್ತಾರು ವೇರಿಯಂಟ್ ಮಾರ್ತಾರೆ, ಫ್ರೆಂಡ್ ತಗೊಂಡಿದ್ದು ಸೂಪರ್ರಾಗಿದೆ ಅಂತ ಅದೇ ಹೆಸರಿಂದು ನೀವು ತಗೊಂಡ್ರೆ ಒಳಗೆ ಬೇರೇನೇ ಇರಬಹುದು. ಅದಕ್ಕೇ ಹೆಸರು ಬಿಟ್ಟು ಒಳಗಿರೋದನ್ನ ನೋಡೋದು ಕಲೀಬೇಕು.

ಈ ಪೂರ್ತಿ ಗೈಡಲ್ಲಿ ನಾನು ಹಿಡ್ಕೊಂಡಿರೋ ಲೆಕ್ಕ ಒಂದೇ. ಆಮೇಲೆ ಬದಲಾಯಿಸೋಕೆ ಆಗದೇ ಇರೋದಕ್ಕೆ ಇವತ್ತು ದುಡ್ಡು ಹಾಕಿ, ಬದಲಾಯಿಸಬಹುದಾದ್ದನ್ನ ಮುಂದಕ್ಕೆ ಹಾಕಿ. ಗ್ರಾಫಿಕ್ಸ್ ಚಿಪ್, ಪ್ರೊಸೆಸರ್, ಕೂಲಿಂಗ್ ಇವು ಬೋರ್ಡಿಗೆ ಅಂಟ್ಕೊಂಡು ಬಂದಿರ್ತವೆ, ಸ್ಕ್ರೀನ್ ಬದಲಾಯಿಸೋದೂ ಸುಲಭ ಅಲ್ಲ. ರ್‍ಯಾಮ್, ಎಸ್‌ಎಸ್‌ಡಿ ಮಾತ್ರ ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪಲ್ಲಿ ಹಿಂದಿನ ಕವರ್ ಬಿಚ್ಚಿ ಹಾಕ್ಕೋಬಹುದು.

ಹೆಜ್ಜೆ 1: ಮೊದ್ಲು ಏನು ಕೆಲಸ ಅಂತ ಪೇಪರಲ್ಲಿ ಬರ್ಕೊಳ್ಳಿ

"ಎಡಿಟಿಂಗ್ ಮಾಡ್ತೀನಿ" ಅನ್ನೋದು ಸಾಕಾಗಲ್ಲ. ಯಾವ ಕ್ಯಾಮೆರಾ, ಎಷ್ಟು ರೆಸಲ್ಯೂಷನ್, ಯಾವ ಫಾರ್ಮ್ಯಾಟ್, ಯಾವ ಸಾಫ್ಟ್‌ವೇರ್ ಇಷ್ಟನ್ನೂ ಬರೀಬೇಕು. ಫೋನಲ್ಲಿ ಶೂಟ್ ಮಾಡಿ ರೀಲ್ಸ್ ಹಾಕೋರಿಗೆ ಬೇಕಾಗೋದೇ ಬೇರೆ, ಸೋನಿ ಎ7 4ರಲ್ಲಿ 10 ಬಿಟ್ ಲಾಗ್ (ಆಮೇಲೆ ಬಣ್ಣ ತಿದ್ದೋಕೆ ಅಂತ ಸಪ್ಪೆಯಾಗಿ ರೆಕಾರ್ಡ್ ಮಾಡೋ ಮೋಡು) ಶೂಟ್ ಮಾಡಿ ಕಲರ್ ಗ್ರೇಡ್ ಮಾಡೋರಿಗೆ ಬೇಕಾಗೋದೇ ಬೇರೆ. ಎರಡನೇದಕ್ಕೆ ತುಂಬಾ ಭಾರ ಬೀಳುತ್ತೆ.

ಗೇಮೂ ಅಷ್ಟೇ. ವ್ಯಾಲರಂಟ್, ಸಿಎಸ್2 ಥರದ್ದಕ್ಕೆ ಗ್ರಾಫಿಕ್ಸ್‌ಗಿಂತ ಪ್ರೊಸೆಸರ್ ಸ್ಪೀಡು, ಡ್ಯುಯಲ್ ಚಾನೆಲ್ ರ್‍ಯಾಮು (ಎರಡು ಸ್ಟಿಕ್ ಒಟ್ಟಿಗೆ ಓಡೋದು) ಜಾಸ್ತಿ ಕೆಲಸಕ್ಕೆ ಬರುತ್ತೆ. ಜಿಟಿಎ 5 ಹಳೇ ಗೇಮು, ಸಾಧಾರಣ ಕಾರ್ಡಲ್ಲೂ ಆರಾಮಾಗಿ ಓಡುತ್ತೆ. ಆದ್ರೆ ಈಗಿನ ದೊಡ್ಡ ದೊಡ್ಡ ಸ್ಟೋರಿ ಗೇಮ್‌ಗಳಿಗೆ 4 ಜಿಬಿ ಗ್ರಾಫಿಕ್ಸ್ ಮೆಮೊರಿ ಸಾಲ್ತಾ ಇಲ್ಲ, ಟೆಕ್ಸ್ಚರ್ ಸೆಟ್ಟಿಂಗ್ ಇಳಿಸಲೇಬೇಕಾಗುತ್ತೆ.

ಬರೆದಾದ್ಮೇಲೆ ಎಡಿಟಿಂಗ್ ದುಡ್ಡು ತರೋ ಕೆಲಸಾನಾ ಅಂತ ಕೇಳ್ಕೊಳ್ಳಿ. ಹೌದು ಅಂದ್ರೆ ಮುಂದೆ ಎಲ್ಲೇ ಎರಡರಲ್ಲಿ ಒಂದು ಆರಿಸ್ಬೇಕಾಗಿ ಬಂದ್ರೂ ಎಡಿಟಿಂಗ್ ಕಡೆಗೇ ವಾಲಿ. ಗೇಮ್ ಸೆಟ್ಟಿಂಗ್ ಇಳಿಸಿ ಆಡಬಹುದು, ಕಸ್ಟಮರ್ ಫೂಟೇಜನ್ನ ಹಾಗೆ ಮಾಡೋಕಾಗಲ್ಲ.

ಹೆಜ್ಜೆ 2: ಗ್ರಾಫಿಕ್ಸ್ ಕಾರ್ಡು, ಹೆಸರಿನ ಜೊತೆ ವ್ಯಾಟ್ ಕೂಡ ನೋಡ್ಬೇಕು

ಈ ಬಜೆಟ್ಟಲ್ಲಿ ಸಿಗೋವು ಆರ್‌ಟಿಎಕ್ಸ್ 2050, 3050, 4050, ಆಫರ್ ಟೈಮಲ್ಲಿ ಸ್ವಲ್ಪ ಎಳೆದ್ರೆ 4060 ಅಥವಾ 5050. ಇದ್ರಲ್ಲಿ ಮೊದಲು ನೋಡ್ಬೇಕಾದ್ದು ವಿರ್‍ಯಾಮ್, ಅಂದ್ರೆ ಕಾರ್ಡಿನ ಸ್ವಂತ ಮೆಮೊರಿ. 2050ಗೆ 4 ಜಿಬಿ. 3050 ಎರಡು ಥರ ಬರುತ್ತೆ, 4 ಜಿಬಿದೂ ಇದೆ 6 ಜಿಬಿದೂ ಇದೆ, ಹೊರಗಡೆ ಎರಡಕ್ಕೂ ಒಂದೇ ಸ್ಟಿಕ್ಕರ್, ಅದಕ್ಕೇ ಅಂಗಡೀಲಿ ಬಾಯ್ಮಾತಲ್ಲಿ ಬಿಡ್ದೆ ಬಿಲ್ಲಲ್ಲೋ ಸ್ಪೆಕ್ ಶೀಟಲ್ಲೋ 6 ಜಿಬಿ ಅಂತ ಬರ್ದಿದೆಯಾ ನೋಡಿ. 4050ಗೆ 6, 4060ಗೆ 8, 5050ಗೂ 8.

ಎಡಿಟಿಂಗ್‌ಗೆ ಇದು ಯಾಕೆ ಮುಖ್ಯ ಅಂದ್ರೆ ಡಾವಿಂಚಿ ರಿಸಾಲ್ವ್ ಥರ ಸಾಫ್ಟ್‌ವೇರು ಫ್ರೇಮ್‌ಗಳನ್ನ ಗ್ರಾಫಿಕ್ಸ್ ಮೆಮೊರಿಗೇ ತುಂಬ್ಕೊಂಡು ಕೆಲಸ ಮಾಡುತ್ತೆ, 4ಕೆ ಟೈಮ್‌ಲೈನಲ್ಲಿ ನಾಯ್ಸ್ ರಿಡಕ್ಷನ್ನೋ ನಾಲ್ಕೈದು ನೋಡ್ (ಬಣ್ಣ ತಿದ್ದೋ ಒಂದೊಂದು ಹಂತ) ಗ್ರೇಡೋ ಹಾಕಿದ ತಕ್ಷಣ 4 ಜಿಬಿ ಕಾರ್ಡಲ್ಲಿ ಜಿಪಿಯು ಮೆಮೊರಿ ಫುಲ್ ಅಂತ ಎರರ್ ಬಂದು ರೆಂಡರ್ ನಿಂತೋಗುತ್ತೆ. 1080ಪಿ ಟೈಮ್‌ಲೈನಲ್ಲಿ ಕೆಲಸ ಮಾಡಿದ್ರೆ 4 ಜಿಬಿಲೂ ನಡಿಯುತ್ತೆ. 4ಕೆ ಡೆಲಿವರಿ ಮಾಡೋರು 6 ಜಿಬಿಗಿಂತ ಕೆಳಗೆ ಇಳೀಬೇಡಿ.

ಆಮೇಲೆ ವ್ಯಾಟ್. ಇದನ್ನ ಟಿಜಿಪಿ ಅಂತಾರೆ, ಕಾರ್ಡಿಗೆ ಕಂಪನಿಯೋರು ಎಷ್ಟು ಕರೆಂಟ್ ಕೊಡೋಕೆ ಬಿಟ್ಟಿದಾರೆ ಅನ್ನೋ ಲೆಕ್ಕ. ಎನ್‌ವಿಡಿಯಾದವರೇ 4050, 4060 ಎರಡಕ್ಕೂ 35 ವ್ಯಾಟಿಂದ 115 ವ್ಯಾಟ್ ತನಕ ಇಟ್ಕೋಬಹುದು ಅಂತ ಬಿಟ್ಟಿದಾರೆ. ತೆಳ್ಳಗೆ ಹಗುರ ಇರೋ ಲ್ಯಾಪ್‌ಟಾಪಲ್ಲಿ ಬಿಸಿ ತಡೆಯೋಕಾಗಲ್ಲ ಅಂತ 45 ವ್ಯಾಟಿಗೆ ಕಟ್ಟಾಕಿರ್ತಾರೆ, ದಪ್ಪಗಿರೋದ್ರಲ್ಲಿ 95, 105 ಕೊಟ್ಟಿರ್ತಾರೆ. ನಮ್ ಕಡೆ ಬೋರ್‌ವೆಲ್‌ಗೆ 5 ಎಚ್‌ಪಿ ಮೋಟ್ರು ಇಳಿಸಿ ಲೈನಲ್ಲಿ ವೋಲ್ಟೇಜ್ ಇಲ್ದಿದ್ರೆ ಪೈಪಲ್ಲಿ ನೀರು ಎಷ್ಟು ಬರುತ್ತೆ ಅಂತ ಗೊತ್ತಲ್ಲ, ಹಾಗೇ ಇದೂ, ಮೋಟ್ರು ಮೇಲೆ 5 ಎಚ್‌ಪಿ ಅಂತಾನೇ ಬರ್ದಿರುತ್ತೆ. ಪೂರ್ತಿ ವ್ಯಾಟಿನ 4050 ಮುಂದೆ 45 ವ್ಯಾಟಿನ 4060 ಬಂದ್ರೆ 4060 ಹೆಸರಿಗೆ ಜಾಸ್ತಿ ದುಡ್ಡು ಕೊಟ್ಟಿದ್ದು ಆಟದಲ್ಲಿ ಅಷ್ಟಾಗಿ ಕಾಣಲ್ಲ.

ವ್ಯಾಟ್ ಎಲ್ಲಿ ನೋಡೋದು? ಕಂಪನಿ ವೆಬ್‌ಸೈಟಲ್ಲಿ ಸ್ಪೆಕ್ಸ್ ಪೇಜಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ, ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ. ಅಂಗಡೀಲಿ ಡೆಮೊ ಪೀಸ್ ಇದ್ರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ಸಿಸ್ಟಮ್ ಇನ್ಫರ್ಮೇಷನ್ ಒತ್ತಿದ್ರೆ ಅಲ್ಲೇ ತೋರ್ಸುತ್ತೆ. ಎಲ್ಲೂ ಬರ್ದೇ ಇಲ್ಲ ಅಂದ್ರೆ ಕಮ್ಮಿ ಇದೆ ಅಂತಾನೇ ಅಂದ್ಕೊಂಡು ಮುಂದಿಂದು ನೋಡಿ.

ಮಕ್ಸ್ ಸ್ವಿಚ್ ಅಂತ ಒಂದಿದೆ, ಅದು ಇದ್ರೆ ಗೇಮ್ ಆಡೋವಾಗ ಚಿತ್ರ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಬರ್ದೆ ನೇರ ಕಾರ್ಡಿಂದ ಸ್ಕ್ರೀನಿಗೆ ಹೋಗುತ್ತೆ, ಸ್ವಲ್ಪ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಜಾಸ್ತಿ ಸಿಗುತ್ತೆ. ಇದ್ರೆ ಒಳ್ಳೇದು, ಇದೊಂದಕ್ಕೇ ಅಂತ 5 ಸಾವಿರ ಜಾಸ್ತಿ ಕೊಡ್ಬೇಡಿ.

ಹೆಜ್ಜೆ 3: ಪ್ರೊಸೆಸರ್, ಇಲ್ಲೇ ಮದುವೆ ಎಡಿಟರ್‌ಗಳಿಗೆ ಒಂದು ದೊಡ್ಡ ವಿಷ್ಯ ಇದೆ

ಮೊದ್ಲು ಹೆಸರಿನ ಕೊನೇ ಅಕ್ಷರ ನೋಡಿ. ಇಂಟೆಲ್‌ದು ಯು ಅಂತ ಮುಗಿದ್ರೆ ಅದು 15 ವ್ಯಾಟಿನ ಆಫೀಸ್ ಕೆಲಸದ ಚಿಪ್, ಎಚ್ ಅಂದ್ರೆ 45 ವ್ಯಾಟು, ಎಚ್‌ಎಕ್ಸ್ ಅಂದ್ರೆ 55. "ಐ7 ಇದೆ ಸಾರ್" ಅಂತ ಹೇಳಿ ಐ7-1355ಯು ತೋರಿಸಿದ್ರೆ ಅದ್ರಲ್ಲಿ ದೊಡ್ಡ ಕೋರ್ (ಭಾರದ ಕೆಲಸ ಮಾಡೋ ಭಾಗ) ಇರೋದು ಎರಡೇ, ಐ5-12450ಎಚ್‌ನಲ್ಲಿ ನಾಲ್ಕಿದೆ. ಇನ್ನೂ ಮೇಲೆ ಐ5-13450ಎಚ್‌ಎಕ್ಸ್‌ನಲ್ಲಿ ಆರು ದೊಡ್ಡ ಕೋರು, ನಾಲ್ಕು ಸಣ್ಣವು. ಐ5, ಐ7 ಅನ್ನೋದಕ್ಕಿಂತ ಕೊನೇ ಅಕ್ಷರ ಜಾಸ್ತಿ ವಿಷ್ಯ ಹೇಳುತ್ತೆ.

ಎಎಮ್‌ಡಿ ರೈಜನ್ 7000 ಸೀರೀಸಲ್ಲಿ ಮೂರನೇ ಅಂಕಿ ನೋಡಿ, ಅದು ಒಳಗಿರೋ ಡಿಸೈನ್ ಯಾವ ಕಾಲದ್ದು ಅಂತ ಹೇಳುತ್ತೆ. 7535ಎಚ್‌ಎಸ್, 7435ಎಚ್‌ಎಸ್ ಇವುಗಳ ಮೂರನೇ ಅಂಕಿ 3, ಅಂದ್ರೆ ಜೆನ್ 3 ಕಾಲದ್ದು. 7640ಎಚ್‌ಎಸ್ ಅಂದ್ರೆ 4, ಜೆನ್ 4. ಹಳೇ ಡಿಸೈನು ಅಂದ್ರೆ ಕೆಟ್ಟದ್ದು ಅಂತಲ್ಲ, 7435ಎಚ್‌ಎಸ್ 8 ಕೋರ್ 16 ಥ್ರೆಡ್ ಇರೋ ಗಟ್ಟಿ ಚಿಪ್ಪೇ, ಗೇಮಿಗೆ ಏನೂ ತೊಂದ್ರೆ ಇಲ್ಲ, ಆದ್ರೆ ಅದ್ರಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಹಂಗಾಗಿ ಬ್ರೌಸರ್ ತೆಗೆದ್ರೂ ಪಿಡಿಎಫ್ ಓದಿದ್ರೂ ದೊಡ್ಡ ಗ್ರಾಫಿಕ್ಸ್ ಕಾರ್ಡೇ ಎದ್ದು ಕೂತಿರ್ಬೇಕು, ಬ್ಯಾಟರಿ ಬೇಗ ಖಾಲಿ. ಕ್ಲಾಸಿಗೆ ಚಾರ್ಜರ್ ಇಲ್ದೆ ಹೋಗೋ ಸ್ಟೂಡೆಂಟು ಇದನ್ನ ತಿಳ್ಕೊಂಡೇ ತಗೋಬೇಕು.

ಈಗ ಆ ದೊಡ್ಡ ವಿಷ್ಯಕ್ಕೆ ಬರೋಣ. ಕ್ಯಾಮೆರಾ ಮೆನುಲಿ 4:2:0 ಮತ್ತೆ 4:2:2 ಅಂತ ಇರುತ್ತಲ್ಲ, ಅದು ಬಣ್ಣದ ಮಾಹಿತಿ ಎಷ್ಟು ಉಳಿಸ್ತೀವಿ ಅನ್ನೋದು. 4:2:2 10 ಬಿಟ್ ಗ್ರೇಡಿಂಗ್‌ಗೆ ಚೆನ್ನಾಗಿರುತ್ತೆ, ಅದಕ್ಕೇ ಹೊಸ ಕ್ಯಾಮೆರಾ ತಗೊಂಡ ಕೂಡ್ಲೇ ಎಲ್ರೂ ಅದಕ್ಕೆ ಹಾಕಿಡ್ತಾರೆ. ಆದ್ರೆ ಆ ಫೈಲನ್ನ ಬಿಚ್ಚಿ ಓದೋ ಹಾರ್ಡ್‌ವೇರು ಎಲ್ಲಾ ಲ್ಯಾಪ್‌ಟಾಪಲ್ಲೂ ಇಲ್ಲ. ಆರ್‌ಟಿಎಕ್ಸ್ 30, 40 ಸೀರೀಸ್ ಕಾರ್ಡಿಗೆ 4:2:2 ಓದೋಕೆ ಬರಲ್ಲ. 50 ಸೀರೀಸಿಗೆ ಬರುತ್ತೆ. ಇಂಟೆಲ್ ಪ್ರೊಸೆಸರ್ ಒಳಗೆ ಕ್ವಿಕ್ ಸಿಂಕ್ ಅಂತ ಒಂದು ಭಾಗ ಇದೆ, 11ನೇ ಜನರೇಷನ್ನಿಂದ ಈಚೆಗೆ ಅದಕ್ಕೆ ಎಚ್.265 (ವಿಡಿಯೋನ ಕುಗ್ಗಿಸಿ ಉಳಿಸೋ ಒಂದು ವಿಧಾನ) 4:2:2 10 ಬಿಟ್ ಓದೋಕೆ ಬರುತ್ತೆ. ಈ ಬಜೆಟ್ಟಲ್ಲಿ ಸಿಗೋ ಮೇಲೆ ಹೇಳಿದ ರೈಜನ್‌ಗಳಿಗೆ ಬರಲ್ಲ. ಹಾರ್ಡ್‌ವೇರ್ ಇಲ್ದಿದ್ರೆ ಪೂರ್ತಿ ಭಾರ ಪ್ರೊಸೆಸರ್ ಕೋರ್‌ಗಳ ಮೇಲೆ ಬಿದ್ದು ಟೈಮ್‌ಲೈನ್ ತಡವರಿಸುತ್ತೆ, ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ರೂ ಪ್ಲೇಬ್ಯಾಕ್ ನಿಂತು ನಿಂತು ಓಡುತ್ತೆ.

ಇನ್ನೂ ಒಂದು ಒಳಸುಳಿ ಇದೆ. ಸೋನಿಲಿ ಎಕ್ಸ್‌ಎವಿಸಿ ಎಸ್ ಅಂದ್ರೆ ಎಚ್.264, ಎಕ್ಸ್‌ಎವಿಸಿ ಎಚ್‌ಎಸ್ ಅಂದ್ರೆ ಎಚ್.265. 12, 13ನೇ ಜನರೇಷನ್ ಇಂಟೆಲ್‌ನ ಕ್ವಿಕ್ ಸಿಂಕ್ 4:2:2 ಓದೋದು ಎಚ್.265ರಲ್ಲಿ ಮಾತ್ರ, ಎಚ್.264 4:2:2 ಅದಕ್ಕೂ ಆಗಲ್ಲ. ಅಂದ್ರೆ ಅದೇ ಕ್ಯಾಮೆರಾ, ಅದೇ ಲ್ಯಾಪ್‌ಟಾಪು, ಕ್ಯಾಮೆರಾ ಮೆನುಲಿ ಎಸ್‌ನಿಂದ ಎಚ್‌ಎಸ್‌ಗೆ ಬದಲಾಯಿಸಿದ್ರೆ ಟೈಮ್‌ಲೈನ್ ಸರಾಗ ಆಗಬಹುದು. ಹಾಗಾಗಿ 10 ಬಿಟ್ 4:2:2 ಶೂಟ್ ಮಾಡೋರು 80 ಸಾವಿರದೊಳಗೆ ಇಂಟೆಲ್ ಎಚ್ ಪ್ರೊಸೆಸರ್ ಇರೋದನ್ನೇ ಹಿಡೀರಿ, ಅಥವಾ ಸ್ವಲ್ಪ ಎಳೆದು 5050 ಇರೋದು ನೋಡಿ, ಅದು ಎಚ್.264 ಎಚ್.265 ಎರಡ್ರಲ್ಲೂ 4:2:2 ಓದುತ್ತೆ. ಸೋನಿ ಎ7 3 ಇರೋರು ತಲೆ ಕೆಡಿಸ್ಕೊಳ್ಳೋದೇ ಬೇಡ, ಅದು ಕಾರ್ಡಿಗೆ ರೆಕಾರ್ಡ್ ಮಾಡೋದೇ 8 ಬಿಟ್ 4:2:0, ಈ ಪಟ್ಟಿಲಿರೋ ಎಲ್ಲಾ ಕಾರ್ಡೂ ಅದನ್ನ ಓದುತ್ತೆ, ಅವ್ರು ರೈಜನ್ ಧಾರಾಳವಾಗಿ ತಗೋಬಹುದು.

ಈಗಾಗ್ಲೇ ರೈಜನ್ ತಗೊಂಡ್ಬಿಟ್ಟಿದೀನಿ, ಕ್ಯಾಮೆರಾದಲ್ಲಿ 4:2:2 ಇದೆ ಅನ್ನೋರು ಪ್ರಾಕ್ಸಿ ಮಾಡ್ಕೊಳ್ಳಿ. ಪ್ರೀಮಿಯರ್, ರಿಸಾಲ್ವ್ ಎರಡ್ರಲ್ಲೂ ಇದೆ. ರಾತ್ರಿ ಮಲಗೋ ಮುಂಚೆ ಎಲ್ಲಾ ಕ್ಲಿಪ್ಪಿಗೂ 720ಪಿ ಅಥವಾ 1080ಪಿ ಹಗುರ ಕಾಪಿ ಮಾಡೋಕೆ ಹಾಕಿ, ಬೆಳಗ್ಗೆ ಅದ್ರ ಮೇಲೆ ಕಟ್ ಮಾಡಿ, ಎಕ್ಸ್‌ಪೋರ್ಟ್ ಮಾಡೋವಾಗ ಸಾಫ್ಟ್‌ವೇರೇ ಒರಿಜಿನಲ್ ಫೈಲ್ ಹಿಡ್ಕೊಳ್ಳುತ್ತೆ. ಜಾಗ ಜಾಸ್ತಿ ತಗೊಳ್ಳುತ್ತೆ, ಟೈಮೂ ತಗೊಳ್ಳುತ್ತೆ, ಆದ್ರೆ ಕೆಲಸ ನಿಲ್ಲಲ್ಲ.

ಇದ್ರ ಜೊತೆ ಇನ್ನೆರಡು ಮಾತು ನೆನಪಿಟ್ಕೊಳ್ಳಿ. ಗೇಮಿಗೆ ಅಂತ ಲ್ಯಾಪ್‌ಟಾಪನ್ನ ದೊಡ್ಡ ಗ್ರಾಫಿಕ್ಸ್ ಮಾತ್ರ ಓಡೋ ಮೋಡಿಗೆ ಹಾಕಿದ್ರೆ ಕೆಲವದ್ರಲ್ಲಿ ಇಂಟೆಲ್ ಒಳಗಿನ ಗ್ರಾಫಿಕ್ಸ್ ಆಫ್ ಆಗಿ ಕ್ವಿಕ್ ಸಿಂಕ್ ಕೂಡ ಹೋಗುತ್ತೆ, ಎಡಿಟಿಂಗ್‌ಗೆ ಕೂರೋ ಮುಂಚೆ ಹೈಬ್ರಿಡ್ ಮೋಡಿಗೆ ವಾಪಸ್ ತನ್ನಿ. ಇನ್ನು ರಿಸಾಲ್ವ್ ಫ್ರೀ ವರ್ಷನ್ನು ತುಂಬಾ ಒಳ್ಳೇದು, 4ಕೆ ಯುಎಚ್‌ಡಿ 60 ಎಫ್‌ಪಿಎಸ್ ತನಕ ಔಟ್‌ಪುಟ್ ಕೊಡುತ್ತೆ, ಆದ್ರೆ ವಿಂಡೋಸ್‌ನಲ್ಲಿ ಫ್ರೀ ವರ್ಷನ್ ಕೆಲವು 10 ಬಿಟ್ 4:2:2 ಫೈಲನ್ನ ತೆಗೆಯೋದೇ ಇಲ್ಲ, ಅದು ಲ್ಯಾಪ್‌ಟಾಪ್ ತಪ್ಪಲ್ಲ. ನಿಮ್ಮ ಕ್ಯಾಮೆರಾ ಫೈಲ್ ಅದ್ರಲ್ಲಿ ಬರುತ್ತಾ ಅಂತ ಫ್ರೆಂಡ್ ಕಂಪ್ಯೂಟರಲ್ಲಿ ಮೊದ್ಲೇ ನೋಡ್ಕೊಳ್ಳಿ.

ಹೆಜ್ಜೆ 4: ಸ್ಕ್ರೀನು

ಜನ ಅತಿ ಕಮ್ಮಿ ಕೇಳೋದು ಇದ್ರ ಬಗ್ಗೆ, ಎಡಿಟರ್‌ಗೆ ಅತಿ ಜಾಸ್ತಿ ನಷ್ಟ ಆಗೋದೂ ಇದ್ರಿಂದಾನೇ. ಎಲ್ರೂ 144 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತೆ ಅನ್ನೋದು) ಕೇಳ್ತಾರೆ, ಬಣ್ಣ ಯಾರೂ ಕೇಳಲ್ಲ. ಕಮ್ಮಿ ರೇಟಿನ ಗೇಮಿಂಗ್ ಲ್ಯಾಪ್‌ಟಾಪಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರ್ದಿರೋ ಪ್ಯಾನೆಲ್ ಹಾಕ್ತಾರೆ, ಅಂದ್ರೆ ಎಸ್‌ಆರ್‌ಜಿಬಿ (ವೆಬ್ಬಿಗೆ, ಸ್ಕ್ರೀನಿಗೆ ಸಾಮಾನ್ಯವಾಗಿ ಬಳಸೋ ಬಣ್ಣದ ಅಳತೆ) ಬಣ್ಣದಲ್ಲಿ ಸುಮಾರು 62 ಪರ್ಸೆಂಟ್ ಮಾತ್ರ ತೋರ್ಸುತ್ತೆ. ಮದುಮಗಳ ಕೆಂಪು ರೇಷ್ಮೆ ಸೀರೆ, ಅರಿಶಿನ, ಕುಂಕುಮ, ಮಂಟಪದ ಚೆಂಡುಹೂವು ಎಲ್ಲಾ ಸಪ್ಪೆ ಕಾಣುತ್ತೆ. ಸಪ್ಪೆ ಕಂಡಿದ್ದಕ್ಕೆ ನೀವು ಸ್ಯಾಚುರೇಷನ್ ಏರಿಸ್ತೀರಿ, ಆಮೇಲೆ ಹುಡುಗಿ ಮನೆಯವ್ರು ಅದನ್ನ ಅಮೋಲೆಡ್ ಫೋನಲ್ಲಿ ನೋಡಿ ಮುಖ ಎಲ್ಲ ಕೆಂಪಾಗಿದೆ ಅಂತ ಫೋನ್ ಮಾಡ್ತಾರೆ. ನೀವು ಸರಿಯಾಗೇ ಕೆಲಸ ಮಾಡಿರ್ತೀರಿ, ಸ್ಕ್ರೀನ್ ಸುಳ್ಳು ಹೇಳಿರುತ್ತೆ.

100 ಪರ್ಸೆಂಟ್ ಎಸ್‌ಆರ್‌ಜಿಬಿ, 300 ನಿಟ್ಸ್ ಬ್ರೈಟ್‌ನೆಸ್ ಅಂತ ಸ್ಪೆಕ್ಸಲ್ಲಿ ಇರ್ಬೇಕು. ಅದೇ ಸೀರೀಸಲ್ಲಿ ಎರಡು ಮೂರು ಸಾವಿರ ಜಾಸ್ತಿ ಕೊಟ್ರೆ ಇದು ಸಿಗೋದುಂಟು, ಆ ದುಡ್ಡು ಕೊಡಿ. ಒಳ್ಳೇ ಸ್ಕ್ರೀನ್ ಇರೋದು ಬಜೆಟ್ಟಲ್ಲಿ ಸಿಗ್ಲೇ ಇಲ್ಲ ಅಂದ್ರೆ ಮುಂದೆ ಒಂದು 100 ಪರ್ಸೆಂಟ್ ಎಸ್‌ಆರ್‌ಜಿಬಿ ಐಪಿಎಸ್ ಮಾನಿಟರ್ ಮೇಜಿನ ಮೇಲೆ ಇಟ್ಕೊಳ್ಳೋ ಯೋಚನೆ ಇರ್ಲಿ. ಬರೀ ಗೇಮ್ ಆಡೋರು ಇದನ್ನ ಬಿಟ್ಬಿಡಬಹುದು.

ಹೆಜ್ಜೆ 5: ರ್‍ಯಾಮು, ಎಸ್‌ಎಸ್‌ಡಿ

16 ಜಿಬಿ ಬೇಕೇ ಬೇಕು. 8 ಜಿಬಿದು ತಗೊಂಡು ಆಮೇಲೆ ಇನ್ನೊಂದು 8 ಹಾಕ್ಕೊಳ್ಳೋದು ಮೊದಲಿಂದ್ಲೂ ಇರೋ ಒಳ್ಳೇ ಉಪಾಯ, ಎರಡು ಸ್ಟಿಕ್ ಆದ್ರೆ ಡ್ಯುಯಲ್ ಚಾನೆಲ್ಲಲ್ಲಿ ಓಡಿ ಗೇಮಲ್ಲೂ ಎಫ್‌ಪಿಎಸ್ ಏರುತ್ತೆ. ಆದ್ರೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನ ಎಳ್ಕೊಳ್ತಾ ಇರೋದ್ರಿಂದ 2025ರ ಕೊನೆಯಿಂದ ರ್‍ಯಾಮ್ ರೇಟು ಜೋರಾಗಿ ಏರಿದೆ, ಹಾಗಾಗಿ ಅಂಗಡೀಲಿ 8ಕ್ಕೂ 16ಕ್ಕೂ ಇರೋ ವ್ಯತ್ಯಾಸ ಒಂದು ಕಡೆ, ಬಿಡಿಯಾಗಿ ಒಂದು ಸ್ಟಿಕ್ ಎಷ್ಟು ಅನ್ನೋದು ಇನ್ನೊಂದು ಕಡೆ ಇಟ್ಟು ಅವತ್ತಿನ ರೇಟಲ್ಲಿ ಲೆಕ್ಕ ಹಾಕಿ. ಎರಡು ಸ್ಲಾಟ್ ಇದೆಯಾ, ಡಿಡಿಆರ್4 ಅಥವಾ ಡಿಡಿಆರ್5 ಯಾವುದು, ಬೋರ್ಡಿಗೆ ಬೆಸುಗೆ ಹಾಕಿದಾರಾ ಅಂತ ಕೇಳಿ. ಬೆಸುಗೆ ಹಾಕಿರೋ 8 ಜಿಬಿ ತಗೊಳ್ಳೇಬೇಡಿ.

ಎಸ್‌ಎಸ್‌ಡಿ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. 4ಕೆ 100 ಎಂಬಿಪಿಎಸ್‌ನಲ್ಲಿ ಶೂಟ್ ಮಾಡಿದ್ರೆ ಒಂದು ಗಂಟೆ ಫೂಟೇಜಿಗೆ 45 ಜಿಬಿ. ರಿಸೆಪ್ಷನ್ನು, ಮುಹೂರ್ತ ಸೇರಿ ಎರಡು ಕ್ಯಾಮೆರಾದಲ್ಲಿ ತಲಾ 4 ಗಂಟೆ ಅಂದ್ರೂ 360 ಜಿಬಿ. 512 ಜಿಬಿ ಎಸ್‌ಎಸ್‌ಡಿ ವಿಂಡೋಸಲ್ಲಿ ತೋರ್ಸೋದೇ 476, ಅದ್ರಲ್ಲಿ ವಿಂಡೋಸ್, ಸಾಫ್ಟ್‌ವೇರ್, ಸುಮಾರು 100 ಜಿಬಿ ತಿನ್ನೋ ಜಿಟಿಎ 5 ಎಲ್ಲಾ ಕೂತಾದ್ಮೇಲೆ ಒಂದು ಮದುವೆಗೂ ಜಾಗ ಇರಲ್ಲ. ಅದಕ್ಕೆ ಎರಡನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸೋ ಜಾಗ) ಖಾಲಿ ಇರೋ ಲ್ಯಾಪ್‌ಟಾಪೇ ಆರಿಸಿ, ದುಡ್ಡು ಕೂಡಿದಾಗ 1 ಟಿಬಿ ಹಾಕ್ಕೊಳ್ಳಿ. ಅಲ್ಲೀ ತನಕ ಯುಎಸ್‌ಬಿ ಪೋರ್ಟಬಲ್ ಎಸ್‌ಎಸ್‌ಡಿ ಆದ್ರೂ ಸರಿ. ಪೋರ್ಟಬಲ್ ಹಾರ್ಡ್‌ಡಿಸ್ಕ್ ಮೇಲೆ ನೇರ ಎಡಿಟ್ ಮಾಡೋಕೆ ಹೋಗ್ಬೇಡಿ, ಸೆಕೆಂಡಿಗೆ ನೂರು ಚಿಲ್ಲರೆ ಎಂಬಿ ಬಿಟ್ರೆ ಜಾಸ್ತಿ ಓಡಲ್ಲ, ಅದು ಬ್ಯಾಕಪ್ಪಿಗೆ ಮಾತ್ರ. ಬ್ಯಾಕಪ್ ಅಂತೂ ಎರಡು ಕಡೆ ಇರ್ಲೇಬೇಕು, ಯಾರದೋ ಮದುವೆ ಅದು, ಮತ್ತೆ ಶೂಟ್ ಮಾಡೋಕಾಗಲ್ಲ.

ಹೆಜ್ಜೆ 6: ಬಿಸಿ, ಕರೆಂಟು, ಚಾರ್ಜರು

ಏಪ್ರಿಲ್ ಮೇನಲ್ಲಿ ನಮ್ ಕಡೆ ಬಿಸಿಲು ಗೊತ್ತಲ್ಲ, ಅದೇ ಟೈಮಲ್ಲೇ ಮದುವೆ ಸೀಸನ್ನೂ ಬರೋದು. ಯೂಟ್ಯೂಬಲ್ಲಿ ಎಸಿ ರೂಮಲ್ಲಿ ಟೆಸ್ಟ್ ಮಾಡಿ ತೋರ್ಸಿದ ಟೆಂಪರೇಚರ್ ಶೀಟ್ ಹಾಕಿರೋ ಸ್ಟುಡಿಯೋದಲ್ಲಿ ಬರಲ್ಲ. ಹಿಂದೆ ಮತ್ತೆ ಪಕ್ಕ ಎರಡೂ ಕಡೆ ಗಾಳಿ ಬಿಡೋ ಕಿಂಡಿ, ಎರಡು ಫ್ಯಾನು ಇರೋದನ್ನ ಆರಿಸಿ. ರಿವ್ಯೂ ನೋಡೋವಾಗ ಮೊದಲ ಐದು ನಿಮಿಷದ ಸ್ಕೋರ್ ಬೇಡ, ಅರ್ಧ ಗಂಟೆ ರೆಂಡರೋ ಗೇಮೋ ಓಡಿಸಿದ್ಮೇಲೆ ಸ್ಪೀಡ್ ಎಷ್ಟು ಇಳೀತು ಅಂತ ತೋರ್ಸಿರೋ ರಿವ್ಯೂ ಹುಡುಕಿ. ತಗೊಂಡ್ಮೇಲೆ ಹಿಂದೆ ಸ್ವಲ್ಪ ಎತ್ತರಿಸಿ ಇಡಿ, ಹಾಸಿಗೆ ಮೇಲೆ ಬೇಡವೇ ಬೇಡ, ಧೂಳು ಜಾಸ್ತಿ ಇರೋ ಕಡೆ ವರ್ಷಕ್ಕೊಂದ್ಸಲ ಫ್ಯಾನ್ ಕ್ಲೀನ್ ಮಾಡ್ಸಿ.

ಗೇಮಿಂಗ್ ಲ್ಯಾಪ್‌ಟಾಪ್ ಚಾರ್ಜರ್ 150 ವ್ಯಾಟಿಂದ 230 ವ್ಯಾಟ್ ಇರುತ್ತೆ. ಬೆಸ್ಕಾಂ ಕರೆಂಟ್ ಹೋದ ತಕ್ಷಣ ಲ್ಯಾಪ್‌ಟಾಪ್ ಆಫ್ ಆಗಲ್ಲ, ಆದ್ರೆ ಬ್ಯಾಟರಿ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ವ್ಯಾಟ್ ಸಿಗಲ್ಲ, ರೆಂಡರು ನಿಧಾನ ಆಗುತ್ತೆ, ಗೇಮಲ್ಲಿ ಎಫ್‌ಪಿಎಸ್ ಬಿದ್ದೋಗುತ್ತೆ. ಮನೇಲಿ ಇನ್ವರ್ಟರ್ ಇದ್ರೆ ಅದು ಸೈನ್ ವೇವ್ ಆಗಿದೆಯಾ ನೋಡಿ. ಮೂರು ಪಿನ್ ಸಾಕೆಟ್ಟಲ್ಲಿ ಅರ್ಥ್ ಸರಿಯಾಗಿ ಇರ್ಲಿ, ಇಲ್ದಿದ್ರೆ ಮೆಟಲ್ ಬಾಡಿ ಮುಟ್ಟಿದಾಗ ಜುಮ್ ಅನ್ನುತ್ತೆ. ತೂಕದ ಬಗ್ಗೆ ಜಾಸ್ತಿ ಹೇಳಲ್ಲ, ಚಾರ್ಜರ್ ಸೇರಿ 3 ಕೆಜಿ ಹತ್ರ ಬರುತ್ತೆ, ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗೋರು ಬ್ಯಾಗ್ ನೋಡ್ಕೊಳ್ಳಿ.

ಹೆಜ್ಜೆ 7: ದುಡ್ಡಿಗೆ ತಕ್ಕ ಹಾಗೆ ಆರಿಸೋದು

ರೇಟು ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ, ಹಾಗಾಗಿ ಇದನ್ನ ಆರಿಸೋ ಕ್ರಮ ಅಂತ ತಗೊಳ್ಳಿ. 60 ಸಾವಿರದ ಆಸುಪಾಸು ಇದ್ರೆ 3050 6 ಜಿಬಿ, ಐ5 ಎಚ್ ಅಥವಾ ರೈಜನ್ 5 ಎಚ್‌ಎಸ್. 2050ಗೆ ಇಳಿಯೋದಾದ್ರೆ 1080ಪಿ ಎಡಿಟಿಂಗ್, ವ್ಯಾಲರಂಟ್ ಇಷ್ಟೇ ಸಾಕು ಅನ್ನೋರು ಮಾತ್ರ. 75ರಿಂದ 80 ಇದ್ರೆ ವ್ಯಾಟ್ ಜಾಸ್ತಿ ಇರೋ 4050, 100 ಪರ್ಸೆಂಟ್ ಎಸ್‌ಆರ್‌ಜಿಬಿ ಸ್ಕ್ರೀನು, ನನ್ ಪ್ರಕಾರ ಎರಡೂ ಕೆಲಸ ಮಾಡೋರಿಗೆ ಸರಿಯಾದ ಜಾಗ ಇದೇ. 4050 ಎಕ್ಸ್‌ಪೋರ್ಟಲ್ಲಿ ಎವಿ1 (ವಿಡಿಯೋ ಕುಗ್ಗಿಸೋ ಹೊಸ ವಿಧಾನ) ಕೂಡ ಮಾಡುತ್ತೆ, 3050ಗೆ ಎವಿ1 ನೋಡೋಕೆ ಬರುತ್ತೆ, ಮಾಡೋಕೆ ಬರಲ್ಲ, ಯೂಟ್ಯೂಬ್‌ಗೆ ಸ್ಟ್ರೀಮ್ ಮಾಡೋರಿಗೆ ಉಪಯೋಗ. 90 ಮುಟ್ಟೋದಾದ್ರೆ ಮದುವೆ ಎಡಿಟರ್ 5050 ಹುಡುಕ್ಲಿ, 4:2:2ಗೋಸ್ಕರ, 8 ಜಿಬಿಗೋಸ್ಕರ. ಬರೀ ಗೇಮರ್‌ಗೆ ಒಳ್ಳೇ ವ್ಯಾಟಿನ 4060 ಅದೇ ರೇಟಲ್ಲಿ ಸಿಕ್ರೆ ಅದೂ ಚೆನ್ನಾಗಿದೆ.

40, 45 ಸಾವಿರ ಅಷ್ಟೇ ಇರೋದು ಅನ್ನೋರಿಗೆ ಸೆಕೆಂಡ್ ಹ್ಯಾಂಡಲ್ಲಿ ಆರ್‌ಟಿಎಕ್ಸ್ 3060 6 ಜಿಬಿ ಇರೋದು ನೋಡಿ ಅಂತೀನಿ. ಆದ್ರೆ ಕೈಯಲ್ಲಿ ಹಿಡಿದು ನೋಡ್ದೆ ದುಡ್ಡು ಕಳಿಸ್ಬೇಡಿ. ಹಿಂಜ್ ಬಿಗಿ ಇದೆಯಾ, ಸ್ಕ್ರೂ ಬಿಚ್ಚಿರೋ ಗುರುತು ಇದೆಯಾ ನೋಡಿ, ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿಗೂ ಈಗಿನ ಫುಲ್ ಚಾರ್ಜಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಅರ್ಧ ಗಂಟೆ ಗೇಮ್ ಓಡಿಸಿ, ಮುಖ್ಯವಾಗಿ ಒರಿಜಿನಲ್ ಬಿಲ್ ಇಲ್ದಿದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ, ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ (ಲ್ಯಾಪ್‌ಟಾಪ್ ಒಳಗಿನ ಸೆಕ್ಯೂರಿಟಿ ವ್ಯವಸ್ಥೆಗಳು) ಇಲ್ದೆ ಓಡಲ್ಲ, ಇವೆರಡೂ ಹಳೇ ಪೀಸಲ್ಲಿ ಆನ್ ಆಗುತ್ತಾ ಅಂತ ಅಲ್ಲೇ ನೋಡ್ಕೊಳ್ಳಿ.

ಹೆಜ್ಜೆ 8: ಎಲ್ಲಿ ತಗೊಳ್ಳೋದು

ಆನ್‌ಲೈನು, ಊರಿನ ಅಂಗಡಿ, ಬೆಂಗಳೂರಿನ ಎಸ್‌ಪಿ ರೋಡು, ಮೂರೂ ಕಡೆ ರೇಟ್ ಕೇಳಿ. ಎಸ್‌ಪಿ ರೋಡು ನಮಗೆ 70 ಕಿಲೋಮೀಟರ್ ದೂರ, ರೈಲಲ್ಲಿ ಹೋಗಿ ಬರಬಹುದು, ರ್‍ಯಾಮು ಎಸ್‌ಎಸ್‌ಡಿ ತಗೊಳ್ಳೋಕೆ ಅದು ಒಳ್ಳೇ ಜಾಗ. ಲ್ಯಾಪ್‌ಟಾಪಿಗೆ ಮಾತ್ರ ನಾನು ಬಿ.ಎಚ್. ರಸ್ತೆ ಕಡೆ ಅಂಗಡೀಲಿ ಕೇಳಿ ನೋಡಿ ಅಂತಾನೇ ಹೇಳೋದು. ಆನ್‌ಲೈನ್ ರೇಟ್ ಫೋನಲ್ಲಿ ತೋರ್ಸಿ, "ಅಣ್ಣ, ಇದಕ್ಕೆ ಎಷ್ಟು ಹತ್ರ ಬರ್ತೀರಿ" ಅಂತ ಕೇಳಿದ್ರೆ ಕೆಲವರು ಒಂದೆರಡು ಸಾವಿರದ ವ್ಯತ್ಯಾಸಕ್ಕೆ ಬರ್ತಾರೆ, ಸ್ಕ್ರೀನ್ ಕಣ್ಣಲ್ಲಿ ನೋಡ್ಬಹುದು, ಏನಾದ್ರೂ ಆದ್ರೆ ಹೋಗಿ ನಿಂತು ಕೇಳ್ಬಹುದು. ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ, ಡೆಮೊ ಪೀಸಲ್ಲಿ ಅದೇ ಕ್ಲಿಪ್ ಹಾಕಿ ಎರಡು ಸ್ಕ್ರೀನ್ ಪಕ್ಕಪಕ್ಕ ಇಟ್ಟು ನೋಡಿದ್ರೆ ನಾನು ಮೇಲೆ ಬರ್ದಿರೋದು ತಾನಾಗೇ ಗೊತ್ತಾಗುತ್ತೆ.

ಆನ್‌ಸೈಟ್ ವಾರಂಟಿ ಅಂತ ಇದ್ರೂ ನಿಮ್ಮ ಪಿನ್‌ಕೋಡಿಗೆ ಎಂಜಿನಿಯರ್ ಬರ್ತಾರಾ ಅಂತ ಕಂಪನಿ ಕಸ್ಟಮರ್ ಕೇರಿಗೆ ಮೊದ್ಲೇ ಕಾಲ್ ಮಾಡಿ ಕೇಳಿ. ತುಮಕೂರು ಸಿಟಿಗೆ ಬರೋರು ಪಾವಗಡಕ್ಕೋ ಮಧುಗಿರಿಗೋ ಬರ್ತಾರೆ ಅಂತಿಲ್ಲ. ಬರಲ್ಲ ಅಂದ್ರೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಅಂತ ಕೇಳಿ, ಬೆಂಗಳೂರಿಗೇ ಹೋಗ್ಬೇಕು ಅಂದ್ರೆ ಅದನ್ನೂ ರೇಟಿನ ಲೆಕ್ಕಕ್ಕೆ ಸೇರ್ಸಿ.

ನೋ ಕಾಸ್ಟ್ ಇಎಂಐ ಅಂದ್ರೂ ಪ್ರೊಸೆಸಿಂಗ್ ಫೀ, ಬಡ್ಡಿ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ಮೇಲೇ ಬರುತ್ತೆ, ಒಟ್ಟು ಎಷ್ಟು ಕಟ್ತೀರಿ ಅಂತ ಕೂಡಿ ನೋಡಿ. ಸ್ಟುಡಿಯೋ ಇಟ್ಕೊಂಡು ಜಿಎಸ್‌ಟಿ ರೆಗ್ಯುಲರ್ ಸ್ಕೀಮಲ್ಲಿ ಇರೋರು ಬಿಲ್ಲನ್ನ ಸ್ಟುಡಿಯೋ ಹೆಸರಿಗೆ ಜಿಎಸ್‌ಟಿ ನಂಬರ್ ಹಾಕ್ಸೇ ತಗೊಳ್ಳಿ. 80 ಸಾವಿರದ ಲ್ಯಾಪ್‌ಟಾಪಲ್ಲಿ ಸುಮಾರು 12,200 ರೂಪಾಯಿ ಜಿಎಸ್‌ಟಿ ಸೇರಿರುತ್ತೆ, ಅದನ್ನ ಇನ್‌ಪುಟ್ ಕ್ರೆಡಿಟ್ ಅಂತ ತಗೋಬಹುದು. ಇದನ್ನ ಕೇಳ್ದೆ ಬಿಟ್ಟಿರೋ ಸ್ಟುಡಿಯೋದವ್ರು ತುಂಬಾ ಜನ ಇದಾರೆ.

ಹೆಜ್ಜೆ 9: ಬಾಕ್ಸ್ ತೆಗೆದ ದಿನ

ಸೀಲ್ ಕೀಳೋ ಮುಂಚೆನೇ ಫೋನಲ್ಲಿ ವಿಡಿಯೋ ಆನ್ ಮಾಡಿ, ನಿಲ್ಲಿಸ್ದೆ ಪೂರ್ತಿ ತೆಗೀರಿ. ಬಿಲ್ಲಲ್ಲಿ, ಬಾಕ್ಸಲ್ಲಿ, ಲ್ಯಾಪ್‌ಟಾಪ್ ಕೆಳಗೆ ಮೂರೂ ಕಡೆ ಸೀರಿಯಲ್ ನಂಬರ್ ಒಂದೇ ಇರ್ಬೇಕು. ಆ ನಂಬರನ್ನ ಕಂಪನಿ ವೆಬ್‌ಸೈಟಲ್ಲಿ ಹಾಕಿ ವಾರಂಟಿ ಯಾವತ್ತಿಂದ ಶುರು ಆಗಿದೆ ಅಂತ ನೋಡಿ, ಹಿಂದಿನ ತಾರೀಕು ತೋರಿಸಿದ್ರೆ ಬಿಲ್ ಅಪ್‌ಲೋಡ್ ಮಾಡಿ ಸರಿ ಮಾಡ್ಸಿ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ಗೆ ಹೋಗಿ, ಅಲ್ಲಿ ರ್‍ಯಾಮ್ ಎಷ್ಟು, ಎಷ್ಟು ಸ್ಲಾಟ್ ಬಳಸಿದೆ, ಗ್ರಾಫಿಕ್ಸ್ ಕಾರ್ಡ್ ಹೆಸರು, ಅದ್ರ ಮೆಮೊರಿ ಎಷ್ಟು ಜಿಬಿ ಎಲ್ಲಾ ಕಾಣುತ್ತೆ. 6 ಜಿಬಿ ಅಂತ ತಗೊಂಡಿದ್ದು 4 ತೋರಿಸಿದ್ರೆ ಅಲ್ಲೇ ಸ್ಕ್ರೀನ್‌ಶಾಟ್ ತೆಗೆದು ಅವತ್ತೇ ಕಂಪ್ಲೇಂಟ್ ಹಾಕಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಖಾಲಿ ಸ್ಕ್ರೀನ್ ಒಂದೊಂದೇ ಹಾಕಿ ಸತ್ತ ಪಿಕ್ಸೆಲ್ ಇದೆಯಾ, ಕತ್ತಲೆ ರೂಮಲ್ಲಿ ಅಂಚಿಂದ ಬೆಳಕು ಸೋರ್ತಾ ಇದೆಯಾ ನೋಡಿ. ಎಲ್ಲಾ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ, ಮೈಕು, ಕ್ಯಾಮೆರಾ, ಕೀಬೋರ್ಡಿನ ಎಲ್ಲಾ ಕೀ ಒತ್ತಿ ನೋಡಿ.

ಕೊನೇಗೆ ಭಾರ ಹಾಕ್ಬೇಕು. ಚಾರ್ಜರ್ ಹಾಕ್ಕೊಂಡು ಪರ್ಫಾರ್ಮೆನ್ಸ್ ಮೋಡಲ್ಲಿ ಎಚ್‌ಡಬ್ಲ್ಯುಇನ್ಫೋ (ಬಿಸಿ, ವ್ಯಾಟ್ ಎಷ್ಟು ಅಂತ ತೋರ್ಸೋ ಸಾಫ್ಟ್‌ವೇರು) ಓಪನ್ ಮಾಡಿಟ್ಟು ಒಂದು ಗಂಟೆ ಗೇಮ್ ಆಡಿ, ಗ್ರಾಫಿಕ್ಸ್ ಕಾರ್ಡು ಸ್ಪೆಕ್ಸಲ್ಲಿ ಹೇಳಿದ ವ್ಯಾಟ್ ಹತ್ರ ಮುಟ್ತಾ ಇದೆಯಾ, ಬಿಸಿ 85, 87 ಡಿಗ್ರಿ ದಾಟಿ ಸ್ಪೀಡು ಬೀಳ್ತಾ ಇದೆಯಾ ನೋಡಿ. ಮಾರನೇ ದಿನ ನಿಮ್ಮದೇ ಒಂದು ಹಳೇ ಮದುವೆ ಪ್ರಾಜೆಕ್ಟನ್ನ ಪೂರ್ತಿ ಎಕ್ಸ್‌ಪೋರ್ಟ್ ಹಾಕಿ. ಮಧ್ಯದಲ್ಲಿ ಸ್ಕ್ರೀನ್ ಮಿನುಗೋದು, ತಾನಾಗೇ ರೀಸ್ಟಾರ್ಟ್ ಆಗೋದು, ಫ್ಯಾನಲ್ಲಿ ಕಟಕಟ ಅನ್ನೋ ಸದ್ದು ಇಂಥವು ಬಂದ್ರೆ ಅಪ್‌ಡೇಟ್ ಆದ್ಮೇಲೆ ಸರಿ ಹೋಗುತ್ತೆ ಅಂತ ಕಾಯ್ಬೇಡಿ. ರಿಪ್ಲೇಸ್‌ಮೆಂಟ್ ಅವಧಿ ಮುಗಿಯೋ ಮುಂಚೆ ಅದನ್ನ ವಿಡಿಯೋ ಮಾಡ್ಕೊಂಡು ಕೊಟ್ಟವರ ಹತ್ರಾನೇ ವಾಪಸ್ ಹೋಗಿ, ಅವಧಿ ಮುಗಿದ್ಮೇಲೆ ಹೊಸ ಪೀಸ್ ಸಿಗಲ್ಲ, ರಿಪೇರಿ ಅಷ್ಟೇ ಸಿಗೋದು.